ಹದಿನಾರು ಕರಿ ಕಾಯಿ

ಮಾದಪ್ಪನ ದಯೆ
ತೆರಕಣಾಂಬಿ
೪-೮-೨೦೦೩, ಸೋಮವಾರ

ಮಗು ನಯನಾ,

ಇವತ್ತು ಶ್ರಾವಣದ ಮೊದಲ ಸೋಮವಾರ, ನನಗೆ ಒಪ್ಪೊತ್ತು. ಹಸು ಕರೆದು, ಕೊಟ್ಟಿಗೆ ಬಾಚಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಮಿಂದು ಲಿಂಗಪೂಜೆ ಮುಗಿಸಿ ಕೂತಿದ್ದೇನೆ. ಸಂಜೆಯವರೆಗೆ ಒಲೆ ಹಚ್ಚುವ ಕೆಲಸವಿಲ್ಲ, ನಿಮ್ಮ ಮಾವನಿಗೆ ರಾತ್ರಿಯ ಮುದ್ದೆ ಉಳಿದಿದೆ. ಕಾಗದ ಬರೆಯುವುದಕ್ಕೆ ಇಷ್ಟು ಬಿಡುವು ಇನ್ನು ಯಾವ ದಿನವೂ ಸಿಗುವುದಿಲ್ಲ.

ನಿನ್ನ ಕಾಗದ ಶನಿವಾರ ಬಂತು. "ಚಾಮರಾಜನಗರದ ಆಸ್ಟೆಲ್ಲಿಂದ ಬಂದದೆ ಕಣಕ್ಕಾ, ಯಾರು?" ಅಂತ ಪೋಸ್ಟಿನವನು ಕೇಳಿದ. "ನಮ್ ನೀಲಕಂಠನ ಮಗ್ಳು" ಅಂದೆ. ಒಂಬತ್ತು ವರ್ಷದಿಂದ ತಮ್ಮನ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಬಂದ ಮೇಲೆ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂತುಕೊಂಡೆ.

ನೀನು ಕೇಳಿದ್ದಕ್ಕೆ ಉತ್ತರ. ನಿಮ್ಮ ಗುಂಡ್ಲುಪೇಟೆ ಮನೆಯ ಅಟ್ಟದಲ್ಲಿ ಸಿಕ್ಕಿದ ಚದುರಂಗದ ಮಣೆ ನಿಮ್ಮ ತಾತ ಪುಟ್ಟಮಲ್ಲಪ್ಪನವರದು. ಅದರ ಜೊತೆ ಹದಿನಾರು ಬಿಳಿ ಕಾಯಿ ಮಾತ್ರ ಇವೆ, ಕರಿ ಎಲ್ಲಿ ಅಂತ ಕೇಳಿದ್ದಕ್ಕೆ ನಿಮ್ಮಪ್ಪ "ನಿಮ್ಮತ್ತೆನ್ನೇ ಕೇಳ್ಕೋ ಓಗು" ಎಂದು ಚಪ್ಪಲಿ ಮೆಟ್ಟಿಕೊಂಡು ಈರುಳ್ಳಿ ಮಂಡಿಗೆ ಹೊರಟುಹೋದ ಅಂತ ಬರೆದಿದ್ದೀಯ. ಅವನು ಸಿಟ್ಟಿಗೆ ಅಂದ, ನೀನು ನಿಜವಾಗಿಯೂ ಕೇಳಿಬಿಟ್ಟೆ. ಕರಿ ಕಾಯಿ ನನ್ನ ಹತ್ತಿರ ಇವೆ. ದೇವರ ಗೂಡಿನ ಕೆಳಗೆ, ವಿಭೂತಿ ಗಟ್ಟಿ ಇಡುವ ತಗಡಿನ ಡಬ್ಬಿಯಲ್ಲಿ. ಹೇಗೆ ಬಂದವು ಅನ್ನುವುದನ್ನು ಇನ್ನೊಂದು ದಿನ ಬರೆಯುತ್ತೇನೆ.

ಇನ್ನು ನಿನ್ನ ಕಷ್ಟ. ಬಿಳಿ ಸಿಕ್ಕರೆ ಗೆಲ್ಲುತ್ತೀಯ, ಕರಿ ಸಿಕ್ಕರೆ ಹದಿನೈದು ನಡೆಯೊಳಗೆ ಮುಗಿದುಹೋಗುತ್ತೀಯ. ನವೆಂಬರಿನಲ್ಲಿ ಜಿಲ್ಲೆಯ ತಂಡಕ್ಕೆ ನಾಲ್ಕೇ ಜನ. ಈ ಸಲ ಆಗದಿದ್ದರೆ ಆಟ ಬಿಟ್ಟು ಸೈನ್ಸ್ ಓದು ಎಂದು ನಿಮ್ಮಪ್ಪ ಹೇಳಿಯಾಗಿದೆ. ಅಷ್ಟೇ ತಾನೆ?

ಅದನ್ನು ಕೇಳುವುದಕ್ಕೆ ನೀನು ಸರಿಯಾದ ಮನೆಗೇ ಬಂದಿದ್ದೀಯ. ನಾನು ಓದಿದ್ದು ಏಳನೇ ಕ್ಲಾಸು, ಆದರೆ ಕರಿ ಕಾಯಿ ಗೊತ್ತು. ಅಪ್ಪ ಪ್ರತಿ ಆಟಕ್ಕೂ ಬಿಳಿಯನ್ನು ನೀಲಕಂಠನ ಮುಂದೆ ಜೋಡಿಸುತ್ತಿದ್ದ. "ಅವ್ನು ಗಂಡುಡ್ಗ, ಮೊದ್ಲು ನಡೀಲಿ ಬುಡವ್ವಾ" ಅನ್ನುತ್ತಿದ್ದ. ನಾನು ಈ ಜನ್ಮದಲ್ಲಿ ಒಂದು ಸಲವೂ ಮೊದಲ ನಡೆ ನಡೆದವಳಲ್ಲ.

ನೀನು ಕಳಿಸಿದ ಆಟಗಳನ್ನು ನೋಡಿದೆ. ಇಂಗ್ಲಿಷ್ ಅಕ್ಷರ, ಅಂಕಿ ನನಗೆ ತಿಳಿಯುವುದಿಲ್ಲ, ಕೆಳಗೆ ಕನ್ನಡದಲ್ಲಿ ಬರೆದದ್ದರಿಂದ ಗೊತ್ತಾಯಿತು. ಪ್ರತಿ ಆಟಕ್ಕೂ ಒಂದೊಂದು ತರಹ ಶುರು ಮಾಡುತ್ತೀಯ. ಅದನ್ನು ಬಿಡು. ಎದುರಿನವರು ಏನೇ ಮಾಡಲಿ, ನಿನ್ನದು ಒಂದೇ ಮನೆ ಇರಬೇಕು. ಕಣ್ಣು ಮುಚ್ಚಿಕೊಂಡು ಓಡಾಡುವಷ್ಟು ಅಭ್ಯಾಸವಾಗಬೇಕು. ರಾಜನ ಕಡೆಯ ಕುದುರೆಯನ್ನು ಎಲ್ಲಕ್ಕಿಂತ ಮೊದಲು ಈಚೆಗೆ ತಾ. ಆಮೇಲೆ ಒಂಟೆಗೆ ಮೂಲೆಯ ದಾರಿ ಬಿಡಿಸು. ಆಮೇಲೆ ರಾಜನನ್ನು ಒಳಗೆ ಕೂರಿಸು. ಇನ್ನೊಂದು, ಕರಿ ಕುದುರೆಗಳ ಮುಖವನ್ನು ಎದುರಾಳಿಯ ಕಡೆಗಲ್ಲ, ನಿನ್ನ ಕಡೆಗೆ ತಿರುಗಿಸಿ ಇಡು. ನಾನು ಚಿಕ್ಕವಳಿದ್ದಾಗಿನಿಂದ ಹಾಗೇ. ದೂರ ಹೋಗುವ ಪ್ರಾಣಿ, ಮನೆ ಮರೆಯಬಾರದು. ಅಪ್ಪ ನಗುತ್ತಿದ್ದ, ಆದರೆ ತಿರುಗಿಸಲಿಲ್ಲ.

ನಿಮ್ಮಪ್ಪ ಕೇಳಿದರೆ ನನಗೆ ಬರೆಯುತ್ತಿರುವುದನ್ನು ಮುಚ್ಚಿಡಬೇಡ. ಕೇಳದಿದ್ದರೆ ಹೇಳಲೂ ಬೇಡ.

ನಿನ್ನ ಅತ್ತೆ,
ಚಿಕ್ಕಮಲ್ಲಮ್ಮ


ತೆರಕಣಾಂಬಿ
೨೫-೮-೨೦೦೩, ಸೋಮವಾರ

ಮಗು ನಯನಾ,

ಕಡೆಯ ಶ್ರಾವಣ ಸೋಮವಾರವೂ ಬಂತು. ನಿನ್ನ ಎರಡು ಕಾಗದ ಬಂದಿವೆ. ಕುದುರೆ ಮೊದಲು ತಂದು ಹಾಸ್ಟೆಲ್ಲಿನ ಹುಡುಗಿಯರ ಜೊತೆ ಮೂರು ಆಟದಲ್ಲಿ ಎರಡು ಗೆದ್ದೆ ಅಂತ ಓದಿ, ನಿಮ್ಮ ಮಾವನಿಗೆ ಓದಿ ಹೇಳಿದೆ. "ನಿಂಗೇನ್ ಕುಸಿ ಆಗದೆ ಬುಡು, ಕಾಪಿಗೆ ಸಕ್ರೆ ಎರಡ್ ಸಲ ಆಕ್ದೆ" ಅಂದರು.

ನಿನ್ನ ಆಟಗಳನ್ನು ಇಲ್ಲಿ ಹೇಗೆ ಆಡಿ ನೋಡುತ್ತೇನೆ ಎಂದು ಕೇಳಿದ್ದೀಯ. ನಡುಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಅರವತ್ತನಾಲ್ಕು ಮನೆ ಬರೆದಿದ್ದೇನೆ. ಕರಿ ಕಾಯಿ ಡಬ್ಬಿಯಿಂದ ಬರುತ್ತವೆ. ಬಿಳಿಗೆ ಬೆಳ್ಳುಳ್ಳಿ ಗೆಡ್ಡೆ ರಾಜ, ಅರಿಶಿನದ ಕೊಂಬು ಮಂತ್ರಿ, ಕುದುರೆಗೆ ಹುಣಸೆ ಬೀಜ, ಒಂಟೆಗೆ ಶುಂಠಿ, ಆನೆಗೆ ಬೆಲ್ಲದ ಚೂರು, ಕಾಲಾಳಿಗೆ ಹುರಿಗಡಲೆ. ಬಿಳಿ ಕಡೆ ನಿಮ್ಮ ಮಾವ ಕೂರುತ್ತಾರೆ. ಹೋದ ವಾರ ಆಟದ ನಡುವೆ ನೋಡುತ್ತೇನೆ, ಬಿಳಿಯದು ಎರಡು ಕಾಲಾಳು ಕಡಿಮೆ. ನಾನು ಹೊಡೆದೇ ಇಲ್ಲ. "ಎಲ್ ಓದೋ?" ಅಂದರೆ ಅವರು ಬಾಯಿ ಮುಚ್ಚಿಕೊಂಡು ಅಗಿಯುತ್ತಿದ್ದಾರೆ. ಬೆಲ್ಲದ ಆನೆಯೂ ಉಳಿಯಲಿಲ್ಲ. ಉಪವಾಸ ಇರುವವಳ ಎದುರಿಗೆ ಹೀಗೆ ಮಾಡುವುದು ಪಾಪವಲ್ಲವೇ ಅಂದರೆ, "ಪಾಪ ತಿಂದೋನ್ಗೆ, ಗೆದ್ದೋಳು ನೀನೇ ತಾನೆ" ಅನ್ನುತ್ತಾರೆ.

ಆಟ ಮಾತ್ರ ಚೆನ್ನಾಗಿ ಆಡುತ್ತಾರೆ. ಹದಿಮೂರು ಆಟದಲ್ಲೂ ನನ್ನ ಕುದುರೆಯನ್ನು ಅವರು ಅಲುಗಿಸಲು ಆಗಲಿಲ್ಲ. ಧೈರ್ಯವಾಗಿ ಆಡು. ಮುಂದಿನ ತಿಂಗಳ ಕಾಲೇಜುಗಳ ಪಂದ್ಯ ಹೇಗೇ ಆಗಲಿ, ನೀನು ಜಿಲ್ಲೆಯ ತಂಡಕ್ಕೆ ಸೇರಲಿ ಅಂತ ನಾನು ಮಾದಪ್ಪನಿಗೆ ಒಂದು ಹರಕೆ ಹೇಳಿಕೊಂಡಿದ್ದೇನೆ. ಏನು ಅಂತ ಈಗ ಬರೆಯುವುದಿಲ್ಲ.

ನಿನ್ನ ಅತ್ತೆ,
ಚಿಕ್ಕಮಲ್ಲಮ್ಮ


ಚಾಮರಾಜನಗರ
೧೪-೯-೨೦೦೩, ಭಾನುವಾರ

ಅತ್ತೆಗೆ ನಮಸ್ಕಾರ.

ನಿನ್ನೆ ಪಂದ್ಯ ಮುಗಿಯಿತು. ಐದು ಆಟದಲ್ಲಿ ಮೂರು ಸಲ ಕರಿ ಬಂತು. ಒಂದು ಗೆದ್ದೆ, ಎರಡು ಸೋತೆ.

ಗೆದ್ದ ಆಟದಲ್ಲಿ ಬಿಳಿಯವಳು ಮಂತ್ರಿಯ ಮುಂದಿನ ಕಾಲಾಳನ್ನು ನಡೆಸಿದಳು. ನಿಮ್ಮ ಕುದುರೆ ಚೆನ್ನಾಗಿ ನಿಂತಿತು. ಸೋತ ಎರಡರಲ್ಲೂ ರಾಜನ ಮುಂದಿನ ಕಾಲಾಳು ಎರಡು ಮನೆ ಬಂತು, ನಾನು ಕುದುರೆ ತಂದೆ, ತಕ್ಷಣ ಆ ಕಾಲಾಳು ಇನ್ನೊಂದು ಮನೆ ಮುಂದೆ ಬಂದು ಕುದುರೆಯನ್ನು ಓಡಿಸಿತು. ಅದು ನಾಲ್ಕು ನಡೆ ಊರೆಲ್ಲ ಓಡಿತು. ಅಷ್ಟರಲ್ಲಿ ಅವರ ಕಾಯಿಗಳೆಲ್ಲ ಈಚೆ ಬಂದಿದ್ದವು. ಕಾಲೇಜಿನ ಹುಡುಗರು "ಕುದ್ರೆ ಮೇಯಕ್ ಬುಟ್ಟಿದ್ಯಾ?" ಅಂತ ನಕ್ಕರು.

ನನಗೆ ಆಡುವಾಗಲೇ ಅನುಮಾನ ಬಂದಿತ್ತು. ನೀವು ಹದಿಮೂರು ಆಟ ನೋಡಿದ್ದೀರಿ ಅಂತ ನಂಬಿ ಆಡಿದೆ. ಮಾವ ಒಂದು ಸಲವೂ ಆ ಕಾಲಾಳನ್ನು ಮುಂದೆ ತರಲಿಲ್ಲವಾ?

ಅಪ್ಪ ಫೋನಿನಲ್ಲಿ, "ಆಯ್ತಲ್ಲ, ನವೆಂಬರ್ ತಕ ಬುಟ್ಟಿದೀನಿ, ಆಮೇಲೆ ಮಾತಿಲ್ಲ" ಅಂದರು.

ನಯನಾ


ತೆರಕಣಾಂಬಿ
೨೨-೯-೨೦೦೩, ಸೋಮವಾರ

ಮಗು,

ಇದು ನನ್ನ ತಪ್ಪು. ನಿನ್ನದಲ್ಲ.

ನಿನ್ನ ಕಾಗದ ಓದಿ ನಾಲ್ಕು ಸಲ ಆಡಿ ನೋಡಿದೆ. ನೀನು ಬರೆದ ಹಾಗೆ ಆಗುತ್ತಲೇ ಇರಲಿಲ್ಲ. "ಎರಡು ಮನೆ ಬಂತು" ಅಂತ ಬರೆದಿದ್ದೀಯಲ್ಲ, ಮೊದಲಿನ ಆಟಗಳಲ್ಲಿಯೂ ಹಾಗೇ ಬರೆದಿದ್ದೆ, ಬರೆಯುವಾಗ ಎರಡು ನಡೆಯನ್ನು ಒಂದು ಮಾಡಿದ್ದೀಯ ಅಂದುಕೊಂಡೆ. ಕೊನೆಗೆ ಸ್ಕೂಲಿನ ಗುರುಪಾದಸ್ವಾಮಿ ಮೇಷ್ಟರ ಹತ್ತಿರ ಹೋದೆ. ಅವರು ಮಕ್ಕಳ ಆಟದ ಪುಸ್ತಕ ತೆಗೆದು ನೋಡಿ, "ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು ಚಿಕ್ಕಮಲ್ಲಮ್ಮನೋರೇ" ಅಂದರು.

"ಎಲ್ಲಾದ್ರೂ ಉಂಟಾ ಸ್ವಾಮಿ? ಕಾಲಾಳು ಅಂದ್ಮೇಲೆ ಒಂದೊಂದೇ ಹೆಜ್ಜೆ ತಾನೆ?"

"ನಿಮ್ಮಪ್ಪನ ಕಾಲದ್ದು ಅದು. ನಮ್ ತಾತನೂ ಹಂಗೇ ಆಡೋರು. ಈಗ ಎಲ್ಲೂ ಇಲ್ಲ."

ರಾಜನ ವಿಷಯವೂ ಹಾಗೇ. ನಮ್ಮಲ್ಲಿ ರಾಜ ಆಟಕ್ಕೆ ಒಂದು ಸಲ ಕುದುರೆಯ ಹಾಗೆ ನೆಗೆದು ಒಳಗೆ ಕೂರುತ್ತಿದ್ದ. ಈಗ ಅವನು ಎರಡು ಮನೆ ಪಕ್ಕಕ್ಕೆ ಸರಿಯುತ್ತಾನಂತೆ, ಆನೆ ಅವನನ್ನು ದಾಟಿ ಕಾವಲಿಗೆ ನಿಲ್ಲುತ್ತದಂತೆ. ಐವತ್ತು ವರ್ಷ ವಯಸ್ಸಿಗೆ ಮಕ್ಕಳ ಬೆಂಚಿನ ಮೇಲೆ ಕೂತು ಕಲಿತು ಬಂದೆ. ನನ್ನ ಹದಿಮೂರು ಆಟದಲ್ಲೂ ಬಿಳಿ ಒಂದೊಂದೇ ಹೆಜ್ಜೆ ಬರುತ್ತಿತ್ತು, ನನ್ನ ಕುದುರೆಗೆ ಬೇಕಾದಷ್ಟು ಪುರುಸೊತ್ತು ಇತ್ತು. ನಿನಗೆ ಆ ಪುರುಸೊತ್ತು ಇರಲಿಲ್ಲ. ಇಲ್ಲದ ಆಟಕ್ಕೆ ಮನೆ ಕಟ್ಟಿಕೊಟ್ಟುಬಿಟ್ಟೆ. ನಿನಗೆ ಅನುಮಾನ ಬಂದಾಗ ನನ್ನ ಮಾತು ಮೀರಬೇಕಿತ್ತು. ಇನ್ನು ಮುಂದೆ ಮೀರು.

ಈಗ ಹೊಸ ಲೆಕ್ಕದಲ್ಲಿ ಮೂರು ದಿನ ಆಡಿದ್ದೇನೆ. ಮನೆ ಅದೇ ಇರಲಿ, ಆದರೆ ಬಾಗಿಲಿಗೆ ಮೊದಲು ಅಗುಳಿ ಹಾಕೋಣ. ಕುದುರೆಗಿಂತ ಮುಂಚೆ ನಿನ್ನ ಮಂತ್ರಿಯ ಮುಂದಿನ ಕಾಲಾಳನ್ನು ಒಂದೇ ಒಂದು ಮನೆ ಸರಿಸು. ಈಗ ಬಿಳಿ ಕಾಲಾಳು ನುಗ್ಗಿ ಬಂದರೆ ನಿನ್ನ ಕಾಲಾಳು ಅದನ್ನು ಹೊಡೆಯುತ್ತದೆ. ಆಮೇಲೆ ಕುದುರೆ. ಆಮೇಲೆ ಆ ಕುದುರೆಯ ಮನೆಯ ಮುಂದಿದ್ದ ಕಾಲಾಳು ಒಂದು ಹೆಜ್ಜೆ, ಅದು ಬಿಟ್ಟ ಜಾಗಕ್ಕೆ ಒಂಟೆ, ಅಲ್ಲಿಂದ ಅದಕ್ಕೆ ಮೂಲೆಯಿಂದ ಮೂಲೆಗೆ ಕಾಣುತ್ತದೆ. ಆಮೇಲೆ ರಾಜ ಒಳಗೆ. ಐದು ನಡೆ. ಬಿಳಿ ಯಾವ ಕಾಲಾಳಿನಿಂದ ಶುರುಮಾಡಿದರೂ ಹೆಚ್ಚು ಕಡಿಮೆ ಇದೇ ಐದು. ಮೇಷ್ಟರ ಪುಸ್ತಕದಲ್ಲಿಯೂ ಇಂಥ ಮನೆ ಇದೆ, ಅದಕ್ಕೆ ಹಿಂದೂಸ್ಥಾನದ ಹೆಸರೇ ಇಟ್ಟಿದ್ದಾರೆ. ನಾವೆಲ್ಲ ಬೇರೆ ಗತಿಯಿಲ್ಲದೆ ಕಾಲಾಳನ್ನು ಒಂದೊಂದೇ ಮನೆ ನಡೆಸಿ ಕಟ್ಟಿದ ಮನೆ, ಅವರು ಬೇಕೆಂದೇ ಕಟ್ಟುತ್ತಾರಂತೆ. ನಗು ಬಂತು.

ಈ ಸಲ ನೀನೂ ಆಡಿ ನೋಡು, ಎಲ್ಲಿ ಸೋರುತ್ತದೆ ಬರೆ. ನನ್ನನ್ನು ನಂಬಬೇಡ, ಮಣೆಯನ್ನು ನಂಬು.

ನಿನ್ನ ಅತ್ತೆ,
ಚಿಕ್ಕಮಲ್ಲಮ್ಮ


ತೆರಕಣಾಂಬಿ
೨೭-೧೦-೨೦೦೩, ಸೋಮವಾರ

ಮಗು ನಯನಾ,

ದಸರಾ ಹೋಯಿತು, ದೀಪಾವಳಿಯೂ ಹೋಯಿತು. ನಿನ್ನಿಂದ ಕಾಗದವಿಲ್ಲ ಅಂತ ಪೋಸ್ಟಿನವನನ್ನೇ ಬೈಯುತ್ತಿದ್ದೆ. ಶನಿವಾರ ಒಟ್ಟಿಗೆ ಎಂಟು ಹಾಳೆ ಬಂತು. ಪರೀಕ್ಷೆ ಇದ್ದರೆ ಇದೆ ಅಂತ ಒಂದು ಸಾಲು ಬರೆಯಬಾರದೇನಮ್ಮಿ?

ಹೊಸ ಮನೆಯಲ್ಲಿ ಸೋಲುತ್ತಿಲ್ಲ, ಆದರೆ ಗೆಲ್ಲುತ್ತಲೂ ಇಲ್ಲ, ಐದು ನಡೆ ಕಟ್ಟಿ ಒಳಗೆ ಕೂತ ಮೇಲೆ ಎದುರಿನವರು ಮೂರು ಕಾಲಾಳನ್ನು ಸಾಲಾಗಿ ತಂದು ಉಸಿರು ಕಟ್ಟಿಸುತ್ತಾರೆ, ಆಗ ಏನು ಮಾಡಲಿ ಎಂದು ಕೇಳಿದ್ದೀಯ. ಆಗ ಒಂದು ಏಟು ಹಾಕಬೇಕು. ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ, ಆ ಸಾಲಿನ ಪಕ್ಕೆಗೆ ಹೊಡೆ. ಸಾಲು ಒಡೆಯುತ್ತದೆ, ನಿನ್ನ ಮೂಲೆಯ ಒಂಟೆಗೆ ದಾರಿ ತೆರೆಯುತ್ತದೆ. ರಾಜ ಒಳಗೆ ಹೋಗುವ ಮುಂಚೆ ಹೊಡೆದರೆ ನಿನ್ನ ಮನೆಯೇ ಬೀಳುತ್ತದೆ. ತುಂಬ ದಿನ ಬಿಟ್ಟು ಹೊಡೆದರೆ ಎದುರಿನ ಸಾಲು ಗಟ್ಟಿಯಾಗಿಬಿಟ್ಟಿರುತ್ತದೆ, ಕೈ ನೋಯುತ್ತದೆ ಅಷ್ಟೇ. ಯಾವಾಗ ಅನ್ನುವುದನ್ನು ನಾನು ಬರೆದು ಕಳಿಸಲು ಆಗುವುದಿಲ್ಲ. ನನಗೇ ಎಲ್ಲ ಕಡೆಯೂ ಗೊತ್ತಾಗಲಿಲ್ಲ.

ಕರಿ ಕಾಯಿಯ ಕಥೆ ಹೇಳುತ್ತೇನೆ ಅಂದಿದ್ದೆ. ನಿಮ್ಮ ತಾತ ಶಿವೈಕ್ಯರಾದ ಹನ್ನೊಂದನೇ ದಿನ, ಗಣಾರಾಧನೆ ಮುಗಿದು ನೆಂಟರೆಲ್ಲ ಹಜಾರದಲ್ಲಿ ಕೂತಿದ್ದರು. ನಾನು ಅಪ್ಪನ ಮಣೆ ಕೇಳಿದೆ. ಬೇರೆ ಏನನ್ನೂ ಕೇಳಲಿಲ್ಲ. ನಿಮ್ಮಪ್ಪ ಎಲ್ಲರ ಮುಂದೆ ನಕ್ಕು, "ಮುಸುರೆ ತಿಕ್ಕೋ ಕೈಗೆ ಚದುರಂಗ ಯಾಕಕ್ಕಾ?" ಅಂದ. ತಮಾಷೆಗೇ ಅಂದ. ಅವನಿಗೂ ಅಳು ಬಂದಿತ್ತು, ಅದನ್ನು ಮುಚ್ಚಿಕೊಳ್ಳಲು ಏನೋ ಒಂದು ಅಂದ ಅಂತ ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ. ನೆಂಟರು ನಕ್ಕರು. ನಾನು ಕರಿ ಕಾಯಿ ಹದಿನಾರನ್ನೂ ಸೆರಗಿಗೆ ಕಟ್ಟಿಕೊಂಡು, "ಕರಿಯಾದ್ರೂ ನಂದು ಕಣ್ಲಾ, ಇನ್ಮೇಲೆ ಅದೆಂಗ್ ಆಡೀಯೇ ಆಡು" ಅಂತ ಬಸ್ಸು ಹತ್ತಿ ಬಂದುಬಿಟ್ಟೆ. ಅವನಿಗೂ ಆಡಲು ಆಗಬಾರದು ಅಂತಲೇ ತಂದೆ. ಅಪ್ಪನ ನೆನಪಿಗೆ ಅಂತ ಊರಿಗೆಲ್ಲ ಹೇಳಿದ್ದು ಸುಳ್ಳು. ಪ್ರತಿ ದಿನ ವಿಭೂತಿ ಹಚ್ಚುವಾಗ ಆ ಡಬ್ಬಿ ತೆಗೆಯುತ್ತೇನೆ, ಪ್ರತಿ ದಿನ ನೆನಪಾಗುತ್ತದೆ.

ಇದನ್ನು ಓದಿ ನಿಮ್ಮಪ್ಪನ ಮೇಲೆ ಸಿಟ್ಟಾಗಬೇಡ. ಎಂಟು, ಒಂಬತ್ತನೇ ತಾರೀಕು ನಿನ್ನ ಆಟ. ಆ ಎರಡು ದಿನವೂ ನನಗೆ ಒಪ್ಪೊತ್ತು.

ನಿನ್ನ ಅತ್ತೆ,
ಚಿಕ್ಕಮಲ್ಲಮ್ಮ


ಗುಂಡ್ಲುಪೇಟೆ
೧೦-೧೧-೨೦೦೩, ಸೋಮವಾರ

ಅತ್ತೆಗೆ ನಮಸ್ಕಾರ.

ನಾಲ್ಕನೆಯವಳಾಗಿ ತಂಡಕ್ಕೆ ಸೇರಿದೆ!

ಕೊನೆಯ ಸುತ್ತಿನಲ್ಲಿ ನನಗೆ ಅರ್ಧ ಪಾಯಿಂಟು ಬೇಕಿತ್ತು. ಎದುರಿಗೆ ಅಲ್ಲಿಯತನಕ ಒಂದೂ ಸೋಲದ ಕೊಳ್ಳೇಗಾಲದ ಹುಡುಗ, ನನಗೆ ಕರಿ. ಕೂತ ತಕ್ಷಣ ಕುದುರೆಗಳ ಮುಖ ನನ್ನ ಕಡೆ ತಿರುಗಿಸಿದೆ. ಅವನು ಪಕ್ಕದವನಿಗೆ, "ನೋಡ್ಲಾ, ಇವ್ಳ ಕುದ್ರೆ ಈಗ್ಲೇ ಓಡೋಯ್ತವೆ" ಅಂದ. ರಾಜನ ಮುಂದಿನ ಕಾಲಾಳು ಎರಡು ಮನೆ ತಂದ. ನಾನು ಅಗುಳಿ ಹಾಕಿದೆ. ಆಮೇಲೆ ಕುದುರೆ, ಕಾಲಾಳು, ಒಂಟೆ, ರಾಜ ಒಳಗೆ. ಅವನು ನೀವು ಹೇಳಿದ ಹಾಗೇ ಮೂರು ಕಾಲಾಳು ಸಾಲಾಗಿ ತಂದ. ಎಂಟನೇ ನಡೆಗೆ ಹೊಡೆಯೋಣ ಅನಿಸಿತು, ಕೈ ಎತ್ತಿದೆ, ಬಿಟ್ಟೆ. ಒಂಬತ್ತನೆಯದಕ್ಕೆ ಹೊಡೆದೆ. ಸಾಲು ಒಡೆಯಿತು. ಅವನು ತಲೆ ಮೇಲೆ ಕೈಯಿಟ್ಟುಕೊಂಡು ಇಪ್ಪತ್ತು ನಿಮಿಷ ಕೂತ. ಮಂತ್ರಿಗಳು ಹೋದವು, ಆನೆಗಳು ಹೋದವು, ನಲವತ್ತೊಂದನೇ ನಡೆಗೆ ಅವನೇ ಕೈ ಚಾಚಿ "ಡ್ರಾ ಮಾಡ್ಕೊಳನಾ?" ಅಂದ.

ನಾನು ತಲೆ ಎತ್ತಿದಾಗ ಬಾಗಿಲಲ್ಲಿ ಅಪ್ಪ ನಿಂತಿದ್ದರು. ನನ್ನನ್ನು ಊರಿಗೆ ಕರೆದುಕೊಂಡು ಹೋಗಲು ಬಂದವರು, ಆಟ ಶುರುವಾದಾಗಿನಿಂದ ನಿಂತೇ ಇದ್ದರಂತೆ. ಗೆದ್ದೆಯಾ, ಸೋತೆಯಾ ಅಂತ ಕೇಳಲಿಲ್ಲ.

"ಆ ಕುದ್ರೆಗಳ್ನ ಯಾರ್ ತಿರುಗ್ಸಕ್ ಯೋಳ್ಕೊಟ್ಟೋರು?" ಅಂದರು.

ನೀವು ಮುಚ್ಚಿಡಬೇಡ ಅಂದಿದ್ದಿರಿ. ಹೇಳಿದೆ. ಆಗಸ್ಟಿನಿಂದ ಎಲ್ಲವನ್ನೂ ಹೇಳಿದೆ.

ಅಪ್ಪ ಹೊರಗೆ ಹೋಗಿ ಎರಡು ಟೀ ತಂದರು, ಎರಡನ್ನೂ ನನಗೇ ಕೊಟ್ಟರು. ಊರಿಗೆ ಬರುವಾಗ ತೆರಕಣಾಂಬಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು ಅತ್ತೆ. ಅಪ್ಪ ಸೀಟಿನಿಂದ ಅರ್ಧ ಎದ್ದರು. ಆಮೇಲೆ ಕೂತುಕೊಂಡರು. ಬಸ್ಸು ಹೊರಟ ಮೇಲೆ ಕಿಟಕಿಯ ಆಚೆ ನೋಡುತ್ತಲೇ ಕೇಳಿದರು: "ನಿಮ್ಮತ್ತೆ ಇನ್ನೂವೆ ಸೋಮವಾರ ಒಪ್ಪೊತ್ತು ಮಾಡಾಳಾ?"

ಶನಿವಾರ ನಿಮ್ಮೂರಲ್ಲಿ ಇಳಿಯುತ್ತೇನೆ. ಅಪ್ಪ ಏನೋ ಗಂಟು ಕಟ್ಟುತ್ತಿದ್ದಾರೆ, ಕೈಯಲ್ಲಿ ಕಳಿಸುತ್ತಾರಂತೆ.

ನಿಮ್ಮ ನಯನಾ


ಮಾದಪ್ಪನ ದಯೆ
ತೆರಕಣಾಂಬಿ
೧೭-೧೧-೨೦೦೩, ಸೋಮವಾರ

ನೀಲಕಂಠ,

ಕಡೆಯ ಕಾರ್ತಿಕ ಸೋಮವಾರ. ಹೌದು, ಇನ್ನೂ ಮಾಡುತ್ತೇನೆ.

ಗಂಟು ಶನಿವಾರ ತಲುಪಿತು. ಮಗು ಒಂದು ರಾತ್ರಿ ಇದ್ದು ಹೋಯಿತು. ಏಳು ವರ್ಷದವಳನ್ನು ನೋಡಿದ್ದೆ, ಈಗ ನನಗಿಂತ ಎತ್ತರ. ಅವಳು ನಗುವಾಗ ಅಪ್ಪ ನಕ್ಕ ಹಾಗಿರುತ್ತದೆ ಅಂತ ನೀನಾದರೂ ಯಾರ ಕೈಯಲ್ಲಾದರೂ ಹೇಳಿ ಕಳಿಸಬಾರದಿತ್ತೇ? ಅವಳ ಮಾವ ಅವಳ ಜೊತೆ ಆಡಲು ಕೂತು, ಈ ಸಲ ನಿಜವಾದ ಕಾಯಿ ಇದ್ದದ್ದಕ್ಕೆ ತಿನ್ನಲು ಏನೂ ಸಿಗದೆ ಬೇಗ ಸೋತರು.

ಬಟ್ಟೆ ಬಿಚ್ಚಿದರೆ ಹದಿನಾರು ಬಿಳಿ ಕಾಯಿ. ಒಂದಕ್ಕೂ ಧೂಳಿರಲಿಲ್ಲ. ಒಂದು ಆನೆಯ ಬುಡಕ್ಕೆ ಮೇಣ ಹಾಕಿ ಅಂಟಿಸಿದ್ದೀಯ. ಅಟ್ಟದ ಮೇಲೆ ಬಿಸಾಡಿದ ಸಾಮಾನಿಗೆ ಯಾರೂ ಹಾಗೆ ಮೇಣ ಹಾಕುವುದಿಲ್ಲ. ಕೆಳಗೆ ನಿನ್ನ ಚೀಟಿ: "ಅಕ್ಕಾ, ಈ ಸಲ ಬಿಳಿ ನಿಂದು. ಮೊದಲ ನಡೆ ಬರೆದು ಕಳಿಸು."

ಅದನ್ನು ಓದಿ ಬಿಳಿ ಕಾಯಿಗಳನ್ನು ನನ್ನ ಕಡೆ ಜೋಡಿಸಿದೆ. ನಿನ್ನೆ ಇಡೀ ದಿನ ಅದರ ಮುಂದೆ ಕೂತೆ. ಏನು ನಡೆಯಬೇಕು ಅಂತ ಗೊತ್ತಾಗಲಿಲ್ಲ ಕಣೋ. ಎದುರಿನವರು ಏನಾದರೂ ಮಾಡಿದರೆ ಅದಕ್ಕೆ ಏನು ಮಾಡಬೇಕು ಅಂತ ನನಗೆ ಗೊತ್ತು. ಯಾರೂ ಏನೂ ಮಾಡದೆ ಇರುವಾಗ ನಾನೇ ಮೊದಲು ಕೈ ಚಾಚುವುದು ನನಗೆ ಬಂದೇ ಇಲ್ಲ. ಒಂಬತ್ತು ವರ್ಷ ಐದು ನಡೆ ಕಟ್ಟಿ ಒಳಗೆ ಕೂತಿದ್ದೆ. ನೀನೂ ಕೂತಿದ್ದೆ. ಮಗುವಿಗೆ ಒಂದು ಏಟು ಹಾಕು ಅಂತ ಬರೆದವಳು ನಾನೇ.

ಕರಿ ಕಾಯಿ ಹೊತ್ತುಕೊಂಡು ಬಂದದ್ದು ತಪ್ಪು. ನಿನಗೆ ಆಡಲು ಆಗಬಾರದು ಅಂತ ತಂದೆ. ನೀನು ಆಡಲಿಲ್ಲ. ಮಗುವಿನ ಕಾಗದ ಬರುವವರೆಗೆ ನಾನೂ ಆಡಲಿಲ್ಲ. ಇದನ್ನು ಮಾದಪ್ಪನ ಮುಂದೆ ಎಷ್ಟೋ ಸಲ ಹೇಳಿದ್ದೇನೆ, ನಿನ್ನ ಮುಂದೆ ಹೇಳಿರಲಿಲ್ಲ. ಮಗು ತಂಡಕ್ಕೆ ಸೇರಿದರೆ ನಿನಗೂ ಹೇಳುತ್ತೇನೆ ಅಂತ ಅವನಿಗೆ ಹರಕೆ ಹೊತ್ತಿದ್ದೆ. ತೀರಿಸಿದೆ.

ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಎದ್ದಾಗ ಮೊದಲ ನಡೆ ಗೊತ್ತಾಯಿತು. ಒಂದು ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ, ಡಬ್ಬಿಯಲ್ಲಿ ಕರಿ ಕಾಯಿಗಳ ಮೇಲೆ ಇಟ್ಟಿದ್ದೇನೆ. ಈ ಕಾಗದವನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ. ಆ ಚೀಟಿಯನ್ನು ಅವನ ಕೈಗೂ ಕೊಡುವುದಿಲ್ಲ, ಪೋಸ್ಟಿಗೂ ಹಾಕುವುದಿಲ್ಲ. ಈಗ ಮೂವತ್ತೆರಡು ಕಾಯಿಯೂ ನನ್ನ ಹತ್ತಿರ ಇವೆ, ಮಣೆ ನಿನ್ನ ಹತ್ತಿರ ಇದೆ. ನನ್ನ ಸೀಮೆಸುಣ್ಣದ ಗೆರೆಯನ್ನು ದಿನಾ ಬೆಳಿಗ್ಗೆ ಸಾರಿಸಿ ಅಳಿಸಬೇಕಾಗುತ್ತದೆ.

ಮುಂದಿನ ಸೋಮವಾರ ಬಾ. ಸಂಜೆ ನಾನು ಒಪ್ಪೊತ್ತು ಬಿಡುವ ಹೊತ್ತಿಗೆ ಬಂದರೆ ಜೊತೆಗೆ ಊಟ ಮಾಡಬಹುದು. ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ಈ ಸಲ ಸೀಟಿನಿಂದ ಪೂರ್ತಿ ಏಳು. ನನ್ನ ಉತ್ತರವನ್ನು ನೀನೇ ಬಂದು ತೆಗೆದುಕೊಂಡು ಹೋಗು. ಮಣೆ ತಾ.

ನಿನ್ನ ಅಕ್ಕ,
ಚಿಕ್ಕಮಲ್ಲಮ್ಮ